ಆಲಿವ್ ಗಾಣ ತೋರಿಸುತ್ತೇವೆಂದು ಔಟ್‌ಲೆಟ್ ಮಾಲ್ ತೋರಿಸಿದ ಪುಲಿಯಾ ಪ್ರವಾಸದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಪ್ರವಾಸ ಸಂಸ್ಥೆ, ಬೆಂಗಳೂರು

ಇಂದ,
ನಿಮ್ಮ ಗ್ರಾಹಕ, ಶಿವಮೊಗ್ಗ
(ಹೆಸರು, ಬುಕಿಂಗ್ ಸಂಖ್ಯೆ ಲಗತ್ತಿಸಿದ ರಸೀದಿಯಲ್ಲಿವೆ)

ವಿಷಯ: ಅಕ್ಟೋಬರ್ ಕೊನೆಯ ದಕ್ಷಿಣ ಇಟಲಿ (ಪುಲಿಯಾ) ಪ್ರವಾಸದಲ್ಲಿ ಬ್ರೋಷರ್‌ನಲ್ಲಿ ಹೇಳಿದ್ದನ್ನು ತೋರಿಸದೆ ಇರುವುದು, ಹೆಚ್ಚುವರಿಯಾಗಿ ಪಡೆದ ಹಣ ವಾಪಸ್ ಕೊಡುವ ಬಗ್ಗೆ.

ಮಾನ್ಯರೆ,

ನಾನು, ನನ್ನ ಹೆಂಡತಿ ಮತ್ತು ನನ್ನ ಭಾವಮೈದ ನಿಮ್ಮ 'ವೈನ್, ಆಲಿವ್ ಎಣ್ಣೆ, ವಾಸ್ತುಶಿಲ್ಪ' ವಿಶೇಷ ಪ್ರವಾಸಕ್ಕೆ ಹೋಗಿ ಬಂದೆವು. ಬಂದ ಮೇಲೆ ನಿಮ್ಮ ಆಫೀಸಿಗೆ ಫೋನ್ ಮಾಡಿದೆ, ಮೇಲ್ ಬರೆದೆ. ಬಂದ ಉತ್ತರ ಇಷ್ಟೇ: ಸಂದರ್ಭಕ್ಕೆ ತಕ್ಕಂತೆ ಕಾರ್ಯಕ್ರಮ ಬದಲಾಗಬಹುದು ಎಂದು ಷರತ್ತಿನಲ್ಲೇ ಇದೆ, ಗ್ರೂಪಿನ ಬಹುಮತದಂತೆ ನಡೆದುಕೊಂಡಿದ್ದೇವೆ. ಇಷ್ಟರಲ್ಲಿ ಮುಗಿಯುವ ವಿಷಯ ಇದಲ್ಲ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಸರಿಯಾಗಿದ್ದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವೀಸಾ ಕೆಲಸ ಅಚ್ಚುಕಟ್ಟಾಗಿತ್ತು. ಹೋಟೆಲ್ ಚೆನ್ನಾಗಿತ್ತು. ಬಸ್ಸಿನ ಡ್ರೈವರ್, ಆ ಊರಿನವರೇ, ಬಹಳ ಒಳ್ಳೆಯ ಮನುಷ್ಯ. ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇವೆಲ್ಲ ನಿಮ್ಮ ಮಾಮೂಲಿ ಇಟಲಿ ಟೂರಿನಲ್ಲೂ ಸಿಗುತ್ತವೆ, ಅಲ್ವಾ? ಆ ಟೂರಿಗಿಂತ ತಲೆಗೆ 60,000 ರೂಪಾಯಿ ಜಾಸ್ತಿ ಕೊಟ್ಟಿದ್ದು ಬೇರೆಯದಕ್ಕೆ. ಗಾಣ, ವೈನರಿ, ಕೋಟೆ ಮತ್ತು ಹಳೆಯ ಮನೆಗಳ ಒಳಭಾಗ, ಇವುಗಳನ್ನು ವಿವರಿಸಲು ತಿಳಿದವರೊಬ್ಬರು. ನಿಮ್ಮ ಬ್ರೋಷರ್‌ನ ನಾಲ್ಕನೇ ಪುಟದಲ್ಲಿ ಇದೇ ಕ್ರಮದಲ್ಲಿ ಬರೆದಿದೆ. ಇದರಲ್ಲಿ ಒಂದೂ ನಡೆಯಲಿಲ್ಲ.

ಗಾಣದಿಂದಲೇ ಶುರು ಮಾಡುತ್ತೇನೆ. ನಾವು ಅಕ್ಟೋಬರ್ ಆರಿಸಿಕೊಂಡಿದ್ದೇ ಅದಕ್ಕಾಗಿ. ಪುಲಿಯಾದಲ್ಲಿ ಆಲಿವ್ ಕೊಯ್ಲು ಅಕ್ಟೋಬರ್‌ನಲ್ಲಿ ಶುರುವಾಗಿ ಡಿಸೆಂಬರ್‌ವರೆಗೆ, ಕೆಲವು ಕಡೆ ಅದರ ಆಚೆಗೂ ನಡೆಯುತ್ತದೆ. ಗಾಣಗಳು ಓಡುವುದೂ ಆಗಲೇ. ನಾವು ಉಳಿದುಕೊಂಡಿದ್ದ ಆಂಡ್ರಿಯಾ ಊರಿನ ಸುತ್ತ ಕೊರಾತೀನಾ ಎಂಬ ತಳಿಯ ತೋಟಗಳು ಕಣ್ಣು ಹಾಯಿಸಿದಷ್ಟು ದೂರ. ಬಸ್ಸಿನಿಂದಲೇ ನೋಡುತ್ತಿದ್ದೆವು: ಮರದ ಕೆಳಗೆ ಬಲೆ ಹಾಸಿದ್ದಾರೆ, ಕಾಯಿ ತುಂಬಿದ ಕ್ರೇಟ್ ಹೊತ್ತ ಟ್ರ್ಯಾಕ್ಟರ್‌ಗಳು ಸಾಲಾಗಿ ಹೋಗುತ್ತಿವೆ. ಅಂಥ ದಿನ ನಿಮ್ಮ ಟೂರ್ ಮ್ಯಾನೇಜರ್ ಬಸ್ಸಿನಲ್ಲಿ ಮೈಕ್ ಹಿಡಿದು, 'ಗಾಣದಲ್ಲಿ ಎಣ್ಣೆ ವಾಸನೆ ಜಾಸ್ತಿ, ಜಾರುತ್ತೆ, ಅದರ ಬದಲು ಶಾಪಿಂಗ್‌ಗೆ ಹೋಗೋಣವಾ?' ಎಂದು ಕೈ ಎತ್ತಲು ಹೇಳಿದರು. ಮುಂದಿನ ಸೀಟುಗಳಲ್ಲಿ ಕೈಗಳು ಎದ್ದವು. ಬಸ್ಸು ಹೆದ್ದಾರಿ ಪಕ್ಕದ ಔಟ್‌ಲೆಟ್ ಮಾಲ್‌ಗೆ ತಿರುಗಿತು. ಮಧ್ಯಾಹ್ನ ಪೂರ್ತಿ ಅಲ್ಲೇ ಹೋಯಿತು.

ಬಹುಮತ ಎಂದು ನೀವು ಹೇಳುತ್ತಿರುವುದು ಇದನ್ನೇ. ಮಳೆ ಬಂದು ರಸ್ತೆ ಮುಚ್ಚಿದರೆ, ಮುಷ್ಕರ ಆದರೆ ಕಾರ್ಯಕ್ರಮ ಬದಲಾಗುವುದು ಸಹಜ. ಯಾರೂ ತಕರಾರು ಮಾಡುವುದಿಲ್ಲ. ಮಾಲ್ ತೆರೆದಿತ್ತು ಎನ್ನುವುದು ಸಂದರ್ಭವಲ್ಲ. ನಾನು ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಬೇರೆಯವರು ಕೈ ಎತ್ತಿ ರದ್ದು ಮಾಡುವುದು ಯಾವ ಷರತ್ತಿನಲ್ಲಿದೆ, ದಯವಿಟ್ಟು ತೋರಿಸಿ.

ಗಾಣ ನೋಡುವುದು ಎಷ್ಟು ಸುಲಭವಿತ್ತು ಎಂದು ಗೊತ್ತಾದ ಮೇಲೆ ನನ್ನ ಸಿಟ್ಟು ಇನ್ನೂ ಜಾಸ್ತಿಯಾಯಿತು. ಅವತ್ತು ರಾತ್ರಿ ಹೋಟೆಲ್ ರಿಸೆಪ್ಷನ್‌ನಲ್ಲಿ ಭಾವಮೈದ ಸುಮ್ನೆ ಕೇಳಿ ನೋಡಿದ. ಅಲ್ಲಿದ್ದ ಹುಡುಗಿ ಒಂದು ಫೋನ್ ಮಾಡಿದಳು. ಸೀಸನ್‌ನಲ್ಲಿ ಗಾಣ ರಾತ್ರಿಯೂ ಓಡುತ್ತದೆ, ನಡೆದು ಹೋಗುವಷ್ಟು ಹತ್ತಿರ, ಬನ್ನಿ ಎಂದರಂತೆ. ಹೋದೆವು. ಕ್ರೇಟ್‌ಗಳನ್ನು ಸುರಿಯುವ ಕಡೆ ಫ್ಯಾನ್ ಎಲೆಗಳನ್ನು ಊದಿ ತೆಗೆಯುತ್ತಿತ್ತು. ಕಾಯಿ ತೊಳೆದು, ಬೀಜ ಸಮೇತ ಅರೆದು, ಆ ಹಿಟ್ಟನ್ನು ಅರ್ಧ ಗಂಟೆಯಷ್ಟು ಹೊತ್ತು ಮೆಲ್ಲಗೆ ಕಲಕುತ್ತಾರೆ. ಎಣ್ಣೆಯ ಹನಿಗಳು ಒಂದಕ್ಕೊಂದು ಕೂಡುವುದು ಆಗಲೇ. ಆಗ ಹಿಟ್ಟಿನ ಬಿಸಿ 27 ಡಿಗ್ರಿ ಸೆಲ್ಸಿಯಸ್ ದಾಟಬಾರದು. ದಾಟಿದರೆ ಬಾಟಲಿ ಮೇಲೆ 'ಕೋಲ್ಡ್ ಎಕ್ಸ್‌ಟ್ರ್ಯಾಕ್ಷನ್' (ಹೆಚ್ಚು ಬಿಸಿ ಮಾಡದೆ ತೆಗೆದದ್ದು) ಎಂದು ಬರೆಯುವ ಹಾಗಿಲ್ಲ. ಆಮೇಲೆ ಜೋರಾಗಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರ ಎಣ್ಣೆ, ನೀರು, ಹಿಂಡಿಯನ್ನು ಬೇರೆ ಮಾಡುತ್ತದೆ. ಹಚ್ಚ ಹಸಿರು ಎಣ್ಣೆ ಇಳಿಯುತ್ತಿತ್ತು. ಸುಟ್ಟ ಬ್ರೆಡ್ಡಿನ ಮೇಲೆ ಹಾಕಿ ಕೊಟ್ಟರು. ಕಹಿ, ಹಿಂದೆಯೇ ಗಂಟಲಿಗೆ ಕಾಳುಮೆಣಸಿನಂಥ ಖಾರ. ಹೊಸ ಎಣ್ಣೆಗೆ, ಅದರಲ್ಲೂ ಈ ಕಹಿ, ಖಾರ ಕೊಡುವ ಪಾಲಿಫಿನಾಲ್ ಅಂಶ ಜಾಸ್ತಿ ಇರುವ ಕೊರಾತೀನಾ ಎಣ್ಣೆಗೆ, ಆ ಖಾರವೇ ಮರ್ಯಾದೆ. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಹೋಟೆಲ್ ಹುಡುಗಿ ಒಂದು ಫೋನಿನಲ್ಲಿ ಮಾಡಿದ ಕೆಲಸ ನಿಮ್ಮ ಸಂಸ್ಥೆಯಿಂದ ಯಾಕೆ ಆಗಲಿಲ್ಲ?

ಮಾರನೇ ದಿನ ನಿಮ್ಮ ಮ್ಯಾನೇಜರ್ 'ಆಲಿವ್ ಎಣ್ಣೆ ಅನುಭವ' ಎಂದು ಕರೆದುಕೊಂಡು ಹೋಗಿದ್ದು ಒಂದು ಅಂಗಡಿಗೆ. ಅಲ್ಲಿನ ಬಾಟಲಿಗಳ ಹಿಂದೆ ಸಣ್ಣ ಅಕ್ಷರದಲ್ಲಿ 'ಯುರೋಪಿಯನ್ ಒಕ್ಕೂಟದ ಆಲಿವ್ ಎಣ್ಣೆಗಳ ಮಿಶ್ರಣ' ಎಂದಿತ್ತು. ಫೋಟೋ ಲಗತ್ತಿಸಿದ್ದೇನೆ. ಅದು ಕಾನೂನುಬದ್ಧ ಎಣ್ಣೆಯೇ, ಕಲಬೆರಕೆ ಎನ್ನುತ್ತಿಲ್ಲ. ಆದರೆ ಆ ನೆಲಕ್ಕೆ 'ತೆರ್ರಾ ದಿ ಬಾರಿ' ಎಂಬ ತನ್ನದೇ ಸಂರಕ್ಷಿತ ಗುರುತಿನ ಎಣ್ಣೆ ಇದೆ. ಅದರ ತೋಟಗಳ ನಡುವೆ ನಿಲ್ಲಿಸಿ ಎಲ್ಲೆಲ್ಲಿಯದೋ ಮಿಶ್ರಣವನ್ನು 'ಇಲ್ಲಿಯದೇ, ತಗೊಳ್ಳಿ' ಎಂದು ನಿಮ್ಮ ಮ್ಯಾನೇಜರ್ ಒತ್ತಾಯ ಮಾಡಿದ್ದು ಯಾಕೆ? ಆ ಅಂಗಡಿಯಿಂದ ನಿಮಗೆ ಕಮಿಷನ್ ಇದೆಯೋ ಇಲ್ಲವೋ, ಉತ್ತರದಲ್ಲಿ ತಿಳಿಸಿ.

ವೈನ್ ಕಥೆ ಇನ್ನೂ ಚಿಕ್ಕದು. ಬ್ರೋಷರ್ ಪ್ರಕಾರ ಮಂಡೂರಿಯಾ ಎಂಬ ಊರಿನಲ್ಲಿ ದ್ರಾಕ್ಷಿ ಕಿತ್ತು, ನೆಲಮಾಳಿಗೆ ನೋಡಿ, ಪ್ರಿಮಿತೀವೋ ವೈನ್ ರುಚಿ ನೋಡಬೇಕಿತ್ತು. ಪ್ರಿಮಿತೀವೋ ಬೇಗ ಹಣ್ಣಾಗುವ ದ್ರಾಕ್ಷಿ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ಅದರ ಕೊಯ್ಲು ಮುಗಿದಿರುತ್ತದೆ. ತಡವಾಗಿ ಬರುವ ನೆಗ್ರೋಅಮಾರೋ ಕೂಡ ಅಕ್ಟೋಬರ್ ಕೊನೆಗೆ ಬಳ್ಳಿಯಲ್ಲಿ ಉಳಿಯುವುದಿಲ್ಲ. ಅಂದರೆ ಆ ತಿಂಗಳಿಗೆ ಆಗದ ಮಾತನ್ನೇ ನೀವು ಅಚ್ಚು ಹಾಕಿಸಿದ್ದೀರಿ. ಆಗುವಂಥದ್ದನ್ನೂ ಮಾಡಲಿಲ್ಲ. ಮಂಡೂರಿಯಾಕ್ಕೆ ಹೋಗಲೇ ಇಲ್ಲ. ಒಂದು ಊಟದ ಜಾಗದಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟಿದ್ದು ಪ್ರೊಸೆಕ್ಕೊ. ಅದು ಇಟಲಿಯ ಈಶಾನ್ಯದ ವೆನೆತೊ, ಫ್ರಿಯುಲಿ ಕಡೆಯ ವೈನ್, ದೇಶದ ಇನ್ನೊಂದು ತುದಿ. ಭಾವಮೈದ ಕೇಳಿದ್ದಕ್ಕೆ 'ವೈನ್ ವೈನೇ ಸಾರ್' ಎಂಬ ಉತ್ತರ ಬಂತು. ನಾನು ಕುಡಿಯುವವನಲ್ಲ, ಆದರೂ ಬೇಜಾರಾಯಿತು.

ಇನ್ನು ನನಗೆ ಹೆಚ್ಚು ನೋವಾದ ವಿಷಯ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದವನು. ಕಾಸ್ತೆಲ್ ದೆಲ್ ಮೊಂತೆ ನೋಡಬೇಕೆಂದೇ ಈ ಟೂರ್ ಹಿಡಿದೆ. 13ನೇ ಶತಮಾನದಲ್ಲಿ ಚಕ್ರವರ್ತಿ ಎರಡನೇ ಫ್ರೆಡರಿಕ್ ಕಟ್ಟಿಸಿದ ಎಂಟು ಮೂಲೆಯ ಕೋಟೆ. ಪ್ರತಿ ಮೂಲೆಗೂ ಎಂಟು ಮೂಲೆಯದೇ ಒಂದು ಗೋಪುರ, ಒಳಗೆ ಎಂಟು ಮೂಲೆಯ ಅಂಗಳ, ಎರಡು ಅಂತಸ್ತಿನಲ್ಲೂ ಎಂಟೆಂಟು ಕೋಣೆ. ಛಾವಣಿಯ ಮಳೆನೀರನ್ನು ಹಿಡಿದು ಗೋಪುರಗಳ ತೊಟ್ಟಿಗೆ ತಂದು, ಅಲ್ಲಿಂದ ಶೌಚಾಲಯಗಳಿಗೆ ಬಿಟ್ಟ ವ್ಯವಸ್ಥೆ ಅದರಲ್ಲಿದೆ. ಅದನ್ನು ಕಣ್ಣಾರೆ ನೋಡುವ ಆಸೆಯಿತ್ತು. ಬ್ರೋಷರ್‌ನಲ್ಲಿ 'ಒಳಭಾಗದ ಟಿಕೆಟ್ ಸೇರಿದೆ' ಎಂದಿದೆ. ಅಲ್ಲಿ ಹೋದ ಮೇಲೆ ಟಿಕೆಟ್ ತೆಗೆದಿಲ್ಲ, ಟೈಮೂ ಇಲ್ಲ, ಹೊರಗೆ ಗ್ರೂಪ್ ಫೋಟೋ ಮಾತ್ರ ಎಂದರು. ಇಟಲಿಯ ಒಂದು ಸೆಂಟ್ ನಾಣ್ಯದ ಮೇಲೆ ಈ ಕೋಟೆಯ ಹೊರಗಿನ ಚಿತ್ರವಿದೆ. ನಿಮ್ಮ ಪ್ರವಾಸದಲ್ಲಿ ಕಂಡಷ್ಟು ಕೋಟೆ ಆ ನಾಣ್ಯದಲ್ಲೂ ಕಾಣುತ್ತದೆ.

ಆಲ್ಬೆರೊಬೆಲ್ಲೊ ಊರಿನಲ್ಲೂ ಅದೇ ಪಾಡು. ಗಾರೆ ಇಲ್ಲದೆ ಸುಣ್ಣಕಲ್ಲು ಜೋಡಿಸಿ ಶಂಕುವಿನಂತೆ ಮೇಲೆತ್ತಿದ ಟ್ರುಲ್ಲಿ ಮನೆಗಳು ಅಲ್ಲಿ 1,500ಕ್ಕೂ ಹೆಚ್ಚಿವೆ. ಕಾಸ್ತೆಲ್ ದೆಲ್ ಮೊಂತೆ ಮತ್ತು ಈ ಊರು ಎರಡೂ 1996ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಹೊಸ ಊರಿಗೆ ರಾಜ ತೆರಿಗೆ ಹಾಕುತ್ತಾನೆಂದು, ತಪಾಸಣೆಗೆ ಬಂದಾಗ ಬೇಗ ಕೆಡವಲು ಅನುಕೂಲವಾಗಲಿ ಎಂದೇ ಜಮೀನ್ದಾರರು ಗಾರೆ ಇಲ್ಲದೆ ಕಟ್ಟಿಸಿದರು ಎಂಬ ಕಥೆ ಅಲ್ಲಿ ಪ್ರಸಿದ್ಧ. 1797ರಲ್ಲಿ ನೇಪಲ್ಸ್ ರಾಜ ನಾಲ್ಕನೇ ಫರ್ಡಿನಾಂಡ್ ಊರಿಗೆ ಜಮೀನ್ದಾರರಿಂದ ಬಿಡುಗಡೆ ಕೊಟ್ಟ. ಇದರಲ್ಲಿ ಒಂದು ಮಾತನ್ನೂ ನಿಮ್ಮವರು ಹೇಳಲಿಲ್ಲ. 'ಹಿಂದೆ ಆದಿವಾಸಿಗಳು ಇದ್ದ ಗುಡಿಸಲು' ಎಂದು ಮುಗಿಸಿದರು. ಎರಡು ಅಂತಸ್ತಿನ ಟ್ರುಲ್ಲೊ ಸೊವ್ರಾನೊ ಮನೆಯ ಪ್ರವೇಶವೂ ಪಟ್ಟಿಯಲ್ಲಿತ್ತು. ನಾವು ಒಳಗೆ ಹೋಗಿದ್ದು ಫ್ರಿಜ್ ಮ್ಯಾಗ್ನೆಟ್ ಮಾರುವ ಒಂದು ಟ್ರುಲ್ಲೊಗೆ.

ಲೆಚ್ಚೆ ನಗರ ತಲುಪಿದಾಗ ಕತ್ತಲಾಗಿತ್ತು. ಸಾಂತಾ ಕ್ರೋಚೆ ಚರ್ಚಿನ ಕೆತ್ತನೆಯನ್ನು ಹಗಲಿನಲ್ಲಿ ನೋಡಬೇಕು. ಅಲ್ಲಿಯ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುತ್ತದೆ, ನಮ್ಮ ಬೇಲೂರು ಹಳೇಬೀಡಿನ ಬಳಪದ ಕಲ್ಲಿನ ಹಾಗೆ. ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಗಿದ್ದು ಅದರಿಂದ. ನಾವು ಹೋದಾಗ ಬಾಗಿಲು ಹಾಕಿತ್ತು.

ಲೆಚ್ಚೆ ದಾರಿಯಲ್ಲಿ ನಡೆದ ಇನ್ನೊಂದು ಪ್ರಸಂಗ ಬರೆಯಲೇಬೇಕು. ರಸ್ತೆಯ ಎರಡೂ ಕಡೆ ಬೂದು ಬಣ್ಣಕ್ಕೆ ತಿರುಗಿ ಒಣಗಿ ನಿಂತ ಆಲಿವ್ ಮರಗಳು. ಯಾರೋ ಕೇಳಿದ್ದಕ್ಕೆ ನಿಮ್ಮ ಮ್ಯಾನೇಜರ್ 'ಚಳಿಗಾಲ ಬಂತಲ್ಲ, ಎಲೆ ಉದುರಿಸುತ್ತವೆ' ಎಂದರು. ಆಲಿವ್ ನಿತ್ಯ ಹಸಿರಿನ ಮರ. ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇರುವ ನನ್ನ ಭಾವಮೈದ ಕಿವಿಯಲ್ಲಿ, 'ಭಾವ, ಇದು ಎಲೆ ಉದುರಿದ್ದಲ್ಲ, ಮರ ಸತ್ತಿದೆ' ಎಂದ. ಎಲೆಚುಕ್ಕಿ ರೋಗ ನೋಡಿ ನೋಡಿ ಅವನಿಗೆ ರೋಗದ ತೋಟ ದೂರದಿಂದಲೇ ಗೊತ್ತಾಗುತ್ತದೆ. ಹೌದು, ಅದು ಕ್ಸೈಲೆಲ್ಲ ಎಂಬ ಬ್ಯಾಕ್ಟೀರಿಯಾ. 2013ರಲ್ಲಿ ಪುಲಿಯಾದ್ದೇ ಊರಾದ ಗಲ್ಲಿಪೋಲಿ ಹತ್ತಿರ ಪತ್ತೆಯಾಯಿತು. ರಸ ಹೀರುವ ಒಂದು ಸಣ್ಣ ಹುಳು ಅದನ್ನು ಮರದಿಂದ ಮರಕ್ಕೆ ಹರಡುತ್ತದೆ, ನೀರು ಏರುವ ನಾಳಗಳು ಕಟ್ಟಿಕೊಂಡು ಮರ ಒಣಗುತ್ತದೆ. ಶತಮಾನಗಳಷ್ಟು ಹಳೆಯ ಮರಗಳು, ಲಕ್ಷಗಟ್ಟಲೆ, ಹೀಗೇ ಹೋಗಿವೆ. ರೈತರು ಈಗ ಲೆಚ್ಚಿನೊದಂಥ ತಡೆದುಕೊಳ್ಳುವ ತಳಿ ನೆಡುತ್ತಿದ್ದಾರೆ. ಆಲಿವ್ ಎಣ್ಣೆಯ ಹೆಸರಿನ ಪ್ರವಾಸದಲ್ಲಿ ಜನರನ್ನು ಕರೆದೊಯ್ಯುವವರಿಗೆ ಇಷ್ಟು ತಿಳಿದಿರಬೇಡವೇ?

ಸಮಯ ಎಲ್ಲಿ ಹೋಯಿತು ಎಂದರೆ, ಮಾಲ್ ಬಿಟ್ಟರೆ ರಾತ್ರಿ ಊಟಕ್ಕೆ. ದಿನಾ ಸಂಜೆ ಇಂಡಿಯನ್ ಊಟಕ್ಕೆಂದು ಆಂಡ್ರಿಯಾದಿಂದ ಬಾರಿ ನಗರಕ್ಕೆ, 50 ಕಿ.ಮೀ.ಗೂ ಜಾಸ್ತಿ. ಹೋಗಿ ಅದೇ ಪನೀರ್, ಅದೇ ಜೀರಾ ರೈಸ್. ಸಸ್ಯಾಹಾರಿಗಳಿಗಾಗಿ ಎಂದು ನಮ್ಮ ಮೇಲೆ ಹೊರಿಸಬೇಡಿ, ನಾವೂ ಸಸ್ಯಾಹಾರಿಗಳೇ. ಒಣ ಅವರೆಯಂಥ ಫಾವ ಕಾಳನ್ನು ಬೇಯಿಸಿ ನುಣ್ಣಗೆ ಮಾಡಿ ಕಹಿ ಸೊಪ್ಪಿನ ಜೊತೆ ಕೊಡುವ ಅಡುಗೆ ಅಲ್ಲಿನ ಬಡವರ ಹಳೆಯ ಊಟ. ಟೊಮೇಟೊ ಹಾಕಿದ ಬಾರಿಯ ಫೊಕಾಚ್ಚ ಎಂಬ ಚಪ್ಪಟೆ ಬ್ರೆಡ್ ಇದೆ, ಆಲ್ತಮೂರ ಊರಿನ ದಪ್ಪ ಸಿಪ್ಪೆಯ ಬ್ರೆಡ್ ಇದೆ. ಎಷ್ಟೋ ಚೀಸಿನಲ್ಲಿ ಹಾಲು ಒಡೆಯಲು ಹಾಕುವ ಪ್ರಾಣಿಯ ರೆನೆಟ್ ಇರುತ್ತದೆ, ಕೆಲವು ಸೊಪ್ಪಿನ ಪಾಸ್ತಾಕ್ಕೆ ಮೀನು ಸೇರಿಸುತ್ತಾರೆ, ಕೇಳಿ ತಿನ್ನಬೇಕು. ಅಷ್ಟು ಕೇಳಿ ಹೇಳುವವರೊಬ್ಬರು ಇದ್ದಿದ್ದರೆ ದಿನಾ ಸಂಜೆಯ ಗಂಟೆಗಳು ಉಳಿಯುತ್ತಿದ್ದವು.

ಈಗ ನನ್ನ ಬೇಡಿಕೆ. ಈ ವಿಶೇಷ ಪ್ರವಾಸಕ್ಕೆಂದು ಹೆಚ್ಚಿಗೆ ಪಡೆದ ತಲೆಗೆ 60,000 ರೂಪಾಯಿಯನ್ನು ಮೂವರಿಗೂ ವಾಪಸ್ ಕೊಡಿ. ತೆಗೆಯದ ಟಿಕೆಟ್‌ಗಳ ಹಣವೂ ಅದರಲ್ಲೇ ಬಂತೆಂದು ಒಪ್ಪಿಕೊಳ್ಳುತ್ತೇನೆ. ಮುಂದಿನ ಟೂರಿಗೆ ರಿಯಾಯಿತಿ ಕೂಪನ್ ಕೊಡುತ್ತೇವೆ ಎಂದು ಫೋನಿನಲ್ಲಿ ಹೇಳಿದಿರಿ, ಅದು ಬೇಡ. ಹಾಗೆಯೇ ಬ್ರೋಷರ್‌ನಿಂದ ಅಕ್ಟೋಬರ್ ಕೊನೆಯ ದ್ರಾಕ್ಷಿ ಕೀಳುವ ಮಾತು ತೆಗೆಯಿರಿ. ಇದೇ ಪ್ರವಾಸವನ್ನು ನೀವು ಈಗಲೂ ಮಾರುತ್ತಿದ್ದೀರಿ.

ಪತ್ರ ತಲುಪಿದ 30 ದಿನದೊಳಗೆ ಲಿಖಿತ ಉತ್ತರ ಬೇಕು. ಬರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸೇವಾ ನ್ಯೂನತೆ ಮತ್ತು ದಾರಿ ತಪ್ಪಿಸುವ ಜಾಹೀರಾತು ಎರಡರ ಮೇಲೂ ದೂರು ಹಾಕುತ್ತೇನೆ. ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಹಾಗಾಗಿ ವಿಚಾರಣೆಗೆ ನಿಮ್ಮವರು ಶಿವಮೊಗ್ಗಕ್ಕೆ ಬರಬೇಕಾಗಬಹುದು.

ಹಣವನ್ನು ಬುಕಿಂಗ್ ಮಾಡಿದ ಬ್ಯಾಂಕ್ ಖಾತೆಗೇ ಹಾಕಿ.

ಇತಿ,
ನಿಮ್ಮ ಗ್ರಾಹಕ
(ಸಹಿ)

ಲಗತ್ತು: ಹಣ ಕಟ್ಟಿದ ರಸೀದಿ, ಬ್ರೋಷರ್‌ನ ನಾಲ್ಕನೇ ಪುಟ, ಎಣ್ಣೆ ಬಾಟಲಿಯ ಫೋಟೋ, ನಿಮ್ಮ ಮೇಲ್‌ನ ಪ್ರತಿ.