ಶಿಕ್ಷೆಯಾದ ಕೈದಿಯ ಕಡತ ಬೇಗ ಘಟ್ಟ ಹತ್ತಲಿ

ಮಾನ್ಯ ಸಂಪಾದಕರೇ,

ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಗೆ ಸರಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ ಎಂಬುದು ಈಗ ಸಾಕಷ್ಟು ಜನರಿಗೆ ಗೊತ್ತು. ಶಿಕ್ಷೆಯಾದ ಮೇಲೂ ಆ ಹಕ್ಕು ಹಾಗೆಯೇ ಇರುತ್ತದೆ ಎಂಬುದು ಕೈದಿಯ ಮನೆಯವರಿಗೆ, ಎಷ್ಟೋ ಸಲ ಕೈದಿಗೇ, ಗೊತ್ತಿರುವುದಿಲ್ಲ. ಕೇಸು ಮುಗಿಯಿತು ಎಂದು ಕೈಚೆಲ್ಲಿ ಕುಳಿತರೆ ಮೇಲ್ಮನವಿಯ ದಿನಗಳು ಸರಿದುಹೋಗುತ್ತವೆ.

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವವರು ಉಚಿತ ನೆರವಿಗೆ ಅರ್ಹರು. ಅವರ ಆದಾಯ ಎಷ್ಟೆಂದು ನೋಡುವಂತಿಲ್ಲ. ತಾಲೂಕು ಕಚೇರಿಯಿಂದ ಆದಾಯ ಪ್ರಮಾಣಪತ್ರ ತನ್ನಿ ಎಂದು ಕೈದಿಯ ತಾಯಿಯನ್ನು ಓಡಾಡಿಸುವುದಕ್ಕೆ ಹಾಗಾಗಿ ಯಾವ ಆಧಾರವೂ ಇಲ್ಲ. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು, ಮೇಲ್ಮನವಿಗೆ ವಕೀಲರನ್ನು ಒದಗಿಸಬೇಕು ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೊಸ್ಕೋಟ್ ಪ್ರಕರಣದಲ್ಲಿ ಹೇಳಿದೆ. ಕ್ರಿಮಿನಲ್ ಪ್ರಕರಣಗಳ ವಿಚಾರಣಾ ಕ್ರಮ ಹೇಳುವ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಉಚಿತ ಪ್ರತಿಯ ಮಾತು 404ನೇ ಕಲಮಿನಲ್ಲಿದೆ. ವಕೀಲರ ನೇಮಕದ 341ನೇ ಕಲಮಿನಲ್ಲಿ ವಿಚಾರಣೆಯ ಜೊತೆಗೆ ಮೇಲ್ಮನವಿಯನ್ನೂ ಸೇರಿಸಲಾಗಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 304ನೇ ಕಲಂ ಸೆಷನ್ಸ್ ವಿಚಾರಣೆಯ ಬಗ್ಗೆ ಮಾತ್ರ ನೇರವಾಗಿ ಹೇಳುತ್ತಿತ್ತು.

ಕಾನೂನಿನಲ್ಲಿ ಕೊರತೆಯಿಲ್ಲ. ತೊಡಕಿರುವುದು ಕಡತ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಲ್ಲಿ. ಮ್ಯಾಜಿಸ್ಟ್ರೇಟ್ ಕೋರ್ಟು ಶಿಕ್ಷೆ ಕೊಟ್ಟರೆ ಮೇಲ್ಮನವಿ ಜಿಲ್ಲೆಯ ಸೆಷನ್ಸ್ ಕೋರ್ಟಿಗೇ ಹೋಗುತ್ತದೆ, ಅವಧಿ 30 ದಿನ. ಉಚಿತ ನೆರವಿನ ಕೇಸು ನಡೆಸುವ ವಕೀಲರಿರುವ ಜಿಲ್ಲೆಯ ಕಾನೂನು ನೆರವು ಅಭಿರಕ್ಷಕರ ಕಚೇರಿಯೇ ಅದನ್ನು ಮುಂದುವರಿಸಬಹುದು, ದೊಡ್ಡ ಕಷ್ಟವಿಲ್ಲ. ಸೆಷನ್ಸ್ ಕೋರ್ಟಿನ ಶಿಕ್ಷೆಯಾದರೆ ಹೈಕೋರ್ಟಿಗೆ ಹೋಗಬೇಕು, ಅವಧಿ 60 ದಿನ. ದಕ್ಷಿಣ ಕನ್ನಡ ಮತ್ತು ಉಡುಪಿಯ ಮೇಲ್ಮನವಿಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರಿದವು. ಅಲ್ಲಿ ವಕೀಲರನ್ನು ನೇಮಿಸುವುದು ಹೈಕೋರ್ಟ್ ಕಾನೂನು ಸೇವೆಗಳ ಸಮಿತಿ. ಇಲ್ಲಿ ಕೇಸು ನಡೆಸಿದ ವಕೀಲರ ಹೊಣೆ ತೀರ್ಪಿನೊಂದಿಗೆ ಮುಗಿಯುತ್ತದೆ, ಅಲ್ಲಿಯ ವಕೀಲರ ಹೊಣೆ ಕಾಗದ ಕೈಸೇರಿದ ಮೇಲೆ ಶುರುವಾಗುತ್ತದೆ. ನಡುವಿನ ವಾರಗಳಲ್ಲಿ ಕೈದಿಗೆ ಯಾರೂ ಇಲ್ಲ.

ಮೇಲ್ಮನವಿ ಸಲ್ಲಿಸಲು ತೀರ್ಪಿನ ನಕಲು ಮತ್ತು ಕೈದಿ ಸಹಿ ಹಾಕಿದ ವಕಾಲತ್ತು (ವಕೀಲರಿಗೆ ಕೇಸು ನಡೆಸಲು ಕೊಡುವ ಅಧಿಕಾರಪತ್ರ) ಇದ್ದರೆ ಸಾಕು. ಕೆಳಗಿನ ಕೋರ್ಟಿನ ದಾಖಲೆಗಳನ್ನು ಹೈಕೋರ್ಟೇ ಆಮೇಲೆ ತರಿಸಿಕೊಳ್ಳುತ್ತದೆ. ಎಲ್ಲ ಕಾಗದ ಕೂಡಿಬರಲಿ ಎಂದು ಕಾಯುವುದರಲ್ಲೇ ಅವಧಿ ಮೀರುವುದುಂಟು. ನಕಲು ಪಡೆಯಲು ಹಿಡಿದ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ, ತಡವಾದರೆ ಮನ್ನಿಸಲು ಅರ್ಜಿ ಹಾಕಬಹುದು, ಇದೆಲ್ಲ ನಿಜ. ಆದರೆ ಆ ಅರ್ಜಿಯ ಇತ್ಯರ್ಥಕ್ಕೇ ತಿಂಗಳುಗಳು ಬೇಕಾಗಬಹುದು, ಅಷ್ಟು ಕಾಲ ಕೈದಿ ಒಳಗೇ ಇರುತ್ತಾನೆ.

ಶಿಕ್ಷೆ ಅಮಾನತಿನ ವಿಷಯ ಬೇರೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಬಿಡುಗಡೆ ಸಿಗುವುದಿಲ್ಲ; ನಾಗರಿಕ ಸುರಕ್ಷಾ ಸಂಹಿತೆಯ 430ನೇ ಕಲಮಿನಡಿ ಪ್ರತ್ಯೇಕ ಅರ್ಜಿ ಬೇಕು. ಅದಕ್ಕೆ ಬರೇ ತೀರ್ಪು ಸಾಲದು. ಸಾಕ್ಷಿಗಳ ಮುಖ್ಯ ವಿಚಾರಣೆ ಮತ್ತು ಪಾಟೀಸವಾಲು, ಮುಖ್ಯ ನಿಶಾನೆಗಳು (ಸಾಕ್ಷ್ಯವಾಗಿ ಗುರುತಿಸಿದ ದಾಖಲೆಗಳು), ಎಷ್ಟು ದಿನ ಬಂಧನದಲ್ಲಿ ಕಳೆದಿದ್ದಾನೆ ಎಂಬ ಜೈಲಿನ ಪ್ರಮಾಣಪತ್ರ, ಇಷ್ಟನ್ನು ವಕೀಲರು ತೋರಿಸಬೇಕಾಗುತ್ತದೆ. ಕನ್ನಡದಲ್ಲಿರುವ ಸಾಕ್ಷ್ಯಕ್ಕೆ ಇಂಗ್ಲಿಷ್ ಅನುವಾದವೂ ಬೇಕು. ಈ ಅನುವಾದದ ಹಂತದಲ್ಲಿ ಕಡತ ಮಲಗಿದರೆ ಎಬ್ಬಿಸುವವರಿಲ್ಲ. ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆ, ಜೀವಾವಧಿ ಇದ್ದರೆ ಸರಕಾರಿ ಅಭಿಯೋಜಕರಿಗೆ ಲಿಖಿತವಾಗಿ ಆಕ್ಷೇಪಿಸಲು ಅವಕಾಶ ಕೊಟ್ಟೇ ಆದೇಶವಾಗಬೇಕು, ಅದಕ್ಕೂ ಸಮಯ ಹಿಡಿಯುತ್ತದೆ. ಅಮಾನತಿನ ಅರ್ಜಿಯಲ್ಲಿ ದಂಡದ ಹಣಕ್ಕೂ ತಡೆ ಕೇಳಲು ಮರೆಯಬಾರದು. ಮೂರು ವರ್ಷ ಮೀರದ ಶಿಕ್ಷೆಯಾಗಿದ್ದು ಆರೋಪಿ ಜಾಮೀನಿನ ಮೇಲಿದ್ದರೆ, ಮೇಲ್ಮನವಿ ಹಾಕುವಷ್ಟು ಕಾಲ ಅವನನ್ನು ಶಿಕ್ಷೆ ಕೊಟ್ಟ ಕೋರ್ಟೇ ಬಿಡಬಹುದು. ಇದಕ್ಕೆ ವಕೀಲರು ತೀರ್ಪಿನ ದಿನ ಅರ್ಜಿ ಸಿದ್ಧ ಮಾಡಿಕೊಂಡು ಬರಬೇಕು, ಜಾಮೀನುದಾರರೂ ಆರ್‌ಟಿಸಿ ಹಿಡಿದು ಕೋರ್ಟಿನಲ್ಲೇ ಇರಬೇಕು. ಇಷ್ಟನ್ನು ಮೊದಲೇ ಹೇಳದ ವಕೀಲರಿಂದಾಗಿ ಕೆಲವು ದಿನಗಳ ಜೈಲುವಾಸ ಸುಮ್ಮನೆ ಗಂಟುಬೀಳುತ್ತದೆ.

ವಕಾಲತ್ತಿನಲ್ಲಿ ಆಗುವ ತಪ್ಪು ಸಣ್ಣದು, ಪರಿಣಾಮ ದೊಡ್ಡದು. ಕೈದಿಯ ಸಹಿ ಅಥವಾ ಹೆಬ್ಬೆಟ್ಟಿನ ಕೆಳಗೆ ಜೈಲು ಅಧಿಕಾರಿಯ ದೃಢೀಕರಣ ಮತ್ತು ಮೊಹರು ಇಲ್ಲದಿದ್ದರೆ ಹೈಕೋರ್ಟಿನ ಕಚೇರಿ ಆಕ್ಷೇಪಣೆ ಹಾಕುತ್ತದೆ. ಕೊಡಿಯಾಲ್‌ಬೈಲ್ ಅಥವಾ ಹಿರಿಯಡಕದ ಜೈಲಿನಿಂದ ದೀರ್ಘ ಶಿಕ್ಷೆಯ ಕೈದಿಯನ್ನು ಶಿವಮೊಗ್ಗ, ಮೈಸೂರಿನಂಥ ಕೇಂದ್ರ ಕಾರಾಗೃಹಕ್ಕೆ ಸಾಗಿಸಿದರೆ ಕಾಗದ ಹಳೆಯ ವಿಳಾಸಕ್ಕೆ ಬಂದು ಹಿಂದಿರುಗುತ್ತದೆ. ವರ್ಗಾವಣೆಯಾದ ಕೂಡಲೇ ಮನೆಯವರು ಹೊಸ ಜೈಲಿನ ಹೆಸರು ಮತ್ತು ಕೈದಿ ಸಂಖ್ಯೆಯನ್ನು ಕಾನೂನು ಸೇವೆಗಳ ಕಚೇರಿಗೆ ಬರೆದು ತಿಳಿಸುವುದು ಒಳ್ಳೆಯದು.

ಅದೇ ಸಂಹಿತೆಯ 424ನೇ ಕಲಮಿನ ಪ್ರಕಾರ ಕೈದಿ ತಾನೇ ಬರೆದ ಮೇಲ್ಮನವಿಯನ್ನು ಜೈಲು ಅಧಿಕಾರಿಯ ಮೂಲಕ ಕಳುಹಿಸಬಹುದು. ಕೊಟ್ಟ ದಿನಾಂಕ ಜೈಲಿನ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ಕೈದಿ ಹೀಗೆ ಕಳುಹಿಸಿದ್ದು ಗೊತ್ತಿಲ್ಲದೆ ಮನೆಯವರು ಖಾಸಗಿ ವಕೀಲರಿಂದ ಇನ್ನೊಂದು ಹಾಕಿಸಿದರೆ ಒಂದೇ ತೀರ್ಪಿಗೆ ಎರಡು ಮೇಲ್ಮನವಿಗಳಾಗುತ್ತವೆ. ಮೊದಲನೆಯದು ಆರಂಭದಲ್ಲೇ ವಜಾ ಆಗಿದ್ದರೂ ವಕೀಲರ ಮೂಲಕ ಬಂದದ್ದನ್ನು ಕೇಳಲು ಕಾನೂನಿನಲ್ಲಿ ದಾರಿಯಿದೆ. ಆದರೂ ಆ ಗೋಜಲು ಯಾಕೆ ಬೇಕು? ವಕೀಲರ ಬಳಿ ಹೋದಾಗ ಮೊದಲು ಹೇಳಬೇಕಾದ ಮಾತೇ ಅದು.

ಧರ್ಮಕ್ಕೆ ಸಿಕ್ಕ ವಕೀಲರು ಅಷ್ಟಕ್ಕಷ್ಟೇ ಎಂಬ ಮಾತು ನಮ್ಮ ಕಡೆ ಇದೆ. ಅದನ್ನು ನಂಬಿ ಚಿನ್ನ ಅಡವಿಟ್ಟು ಮೇಲ್ಮನವಿ ಹಾಕಿಸಿ, ಅರ್ಧ ದಾರಿಯಲ್ಲಿ ದುಡ್ಡು ಮುಗಿದು ಕೈಬಿಟ್ಟವರಿದ್ದಾರೆ. ಅರ್ಧದಲ್ಲೂ ಉಚಿತ ನೆರವು ಕೇಳಬಹುದು, ಮೊದಲಿನ ವಕೀಲರಿಂದ ನಿರಾಕ್ಷೇಪಣೆ ಪಡೆಯಬೇಕು ಅಷ್ಟೆ. ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಪ್ರಕರಣಗಳಿಗೆ ಕನಿಷ್ಠ 10 ವರ್ಷ ವಕೀಲಿ ಮಾಡಿದವರನ್ನೇ ಪರಿಗಣಿಸಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ಕೊಡಬೇಕು, ಆರೋಪಿಯನ್ನು ಭೇಟಿಯಾಗಿ ಚರ್ಚಿಸಲು ಬಿಡಬೇಕು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಅನೋಖಿಲಾಲ್ ಪ್ರಕರಣದಲ್ಲಿ ಹೇಳಿದೆ. ನೇಮಕವಾದ ವಕೀಲರು ಕೈದಿಯಿಂದಾಗಲೀ ಮನೆಯವರಿಂದಾಗಲೀ ಹಣ ತೆಗೆದುಕೊಳ್ಳುವಂತಿಲ್ಲ. ಕೇಳಿದರೆ ನೇಮಿಸಿದ ಪ್ರಾಧಿಕಾರಕ್ಕೆ ದೂರು ಕೊಡಿ. ಕೈದಿಯನ್ನು ಒಮ್ಮೆಯೂ ಮಾತನಾಡಿಸದ ವಕೀಲರನ್ನು ಬದಲಿಸಿ ಎಂದು ಕೇಳುವುದರಲ್ಲೂ ತಪ್ಪಿಲ್ಲ. ವಕೀಲರು ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಮೇಲ್ಮನವಿಯನ್ನು ವಜಾ ಮಾಡುವಂತಿಲ್ಲ ಎಂಬುದು 1996ರ ಬಾನಿ ಸಿಂಗ್ ತೀರ್ಪಿನಿಂದ ನೆಲೆನಿಂತ ನಿಯಮ.

2024ರ ಅಕ್ಟೋಬರ್ 23ರಂದು ಸುಹಾಸ್ ಚಕ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಸರಳ ಉಪಾಯ ಸೂಚಿಸಿತು. ಶಿಕ್ಷೆಯ ತೀರ್ಪಿನ ಪ್ರತಿಗೆ ಒಂದು ಹಾಳೆ ಲಗತ್ತಿಸಿ, ಮುಂದಿನ ಕೋರ್ಟಿಗೆ ಹೋಗಲು ಉಚಿತ ನೆರವು ಇದೆ ಎಂದು, ಸಂಪರ್ಕದ ವಿಳಾಸ ಮತ್ತು ದೂರವಾಣಿ ಸಮೇತ ತಿಳಿಸಲು ಹೈಕೋರ್ಟುಗಳು ನಿರ್ದೇಶನ ಕೊಡುವುದನ್ನು ಪರಿಗಣಿಸಲಿ ಎಂದಿತು. ನಮ್ಮ ಎರಡು ಜಿಲ್ಲೆಗಳಲ್ಲಿ ಆ ಹಾಳೆ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಇರಲಿ. ಮಲ್ಪೆಯ ಬೋಟುಗಳಲ್ಲಿ, ಕಟ್ಟಡ ಕೆಲಸದಲ್ಲಿ ಇರುವ ಹೊರರಾಜ್ಯದವರಿಗಾಗಿ ಹಿಂದಿಯಲ್ಲೂ ಒಂದು ಪ್ರತಿ ಬೇಕು. ಓದಲು ಬಾರದವರಿಗೆ ಜೈಲಿನ ಕಾನೂನು ನೆರವು ಕ್ಲಿನಿಕ್ಕಿನ ಸ್ವಯಂಸೇವಕರು ತುಳುವಿನಲ್ಲೋ ಬ್ಯಾರಿಯಲ್ಲೋ ಓದಿ ಹೇಳಲಿ. ರಾಷ್ಟ್ರೀಯ ಸಹಾಯವಾಣಿ 15100 ಅದರಲ್ಲಿ ಮೊದಲ ಸಾಲಿನಲ್ಲೇ ಇರಲಿ.

ಇದರ ಜೊತೆಗೆ ಎರಡೂ ಜಿಲ್ಲೆಗಳ ಕಾನೂನು ಸೇವೆಗಳ ಪ್ರಾಧಿಕಾರಗಳಲ್ಲಿ ಒಂದು ವಿನಂತಿ. ಸೆಷನ್ಸ್ ಕೋರ್ಟು ಶಿಕ್ಷೆ ಕೊಟ್ಟ ಏಳು ದಿನದೊಳಗೆ ಸ್ವಯಂಸೇವಕರೊಬ್ಬರು ಜೈಲಿಗೆ ಹೋಗಿ ಮೇಲ್ಮನವಿ ಬೇಕೋ ಬೇಡವೋ ಎಂದು ಕೈದಿಯನ್ನು ಕೇಳಿ ಬರೆದುಕೊಳ್ಳಲಿ. ಬೇಕೆಂದರೆ ದೃಢೀಕರಿಸಿದ ವಕಾಲತ್ತು, ತೀರ್ಪು, ಸಾಕ್ಷಿ ಹೇಳಿಕೆಗಳನ್ನು ಸ್ಕ್ಯಾನ್ ಮಾಡಿ ಅದೇ ವಾರ ಹೈಕೋರ್ಟ್ ಸಮಿತಿಗೆ ಇಮೇಲ್‌ನಲ್ಲಿ ಕಳುಹಿಸಿ, ಮೂಲ ಪ್ರತಿಗಳನ್ನು ಅಂಚೆಗೆ ಹಾಕಲಿ. ಅಲ್ಲಿ ನೇಮಕವಾದ ವಕೀಲರ ಹೆಸರು, ಮೇಲ್ಮನವಿಯ ಸಂಖ್ಯೆ ಮತ್ತು ಮುಂದಿನ ದಿನಾಂಕವನ್ನು ಜೈಲಿನ ಮೂಲಕ ಕೈದಿಗೆ ಬರಹದಲ್ಲಿ ತಲುಪಿಸಲಿ.

– ವಕೀಲರ ಒಂದು ಗುಂಪು, ಮಂಗಳೂರು