ಮೈಸೂರಿನ ನಂಟು ಸರಿ, ಮೇಷ್ಟ್ರ ಸಂಬಳದ ಕತೆ ಏನು?

ಮಾನ್ಯ ಸಂಪಾದಕರೇ,

ಅಮೆರಿಕದ ಓಹಿಯೊ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ವಿವೇಕ್ ರಾಮಸ್ವಾಮಿ 'ರಾಜ್ಯಪಾಲ' ಹುದ್ದೆಗೆ ನಿಂತಿರುವ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅವರ ತಾಯಿ ನಮ್ಮ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಅಷ್ಟು ಸಾಕಾಯಿತು, ನಮ್ಮ ವಾಕಿಂಗ್ ಗುಂಪಿಗೆಲ್ಲ ಖುಷಿ. 'ರಾಜ್ಯಪಾಲರಿಗೇನು ಕೆಲಸ, ರಿಬ್ಬನ್ ಕತ್ತರಿಸೋದು ತಾನೇ' ಎಂದರು ಒಬ್ಬರು. ಅಲ್ಲ ಸ್ವಾಮಿ! ಅಲ್ಲಿ ಗವರ್ನರ್ ಅಂದರೆ ಜನ ಓಟು ಹಾಕಿ ಆರಿಸುವ, ನಮ್ಮ ಮುಖ್ಯಮಂತ್ರಿಯಂಥ ಹುದ್ದೆ. ಚುನಾವಣೆ 2026ರ ನವೆಂಬರ್ 3ಕ್ಕೆ.

ಮನುಷ್ಯ ಬುದ್ಧಿವಂತ, ಅದರಲ್ಲಿ ಅನುಮಾನವಿಲ್ಲ. ಅಪ್ಪ ಅಮ್ಮ ಕೇರಳ ಮೂಲದವರು, ತಾನು ಹುಟ್ಟಿದ್ದು ಸಿನ್ಸಿನಾಟಿಯಲ್ಲಿ. ಹಾರ್ವರ್ಡ್, ಯೇಲ್‌ನಲ್ಲಿ ಓದು. 2014ರಲ್ಲಿ ರೋಯಿವಂಟ್ ಎಂಬ ಔಷಧ ಕಂಪನಿ. ಹೊರದೇಶದ ನುರಿತ ಕೆಲಸಗಾರರನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಎಚ್-1ಬಿ ವೀಸಾ ಪದ್ಧತಿಯನ್ನೇ ಜೀತ ಎಂದು ಬೈದರು. ಅದೇ ವೀಸಾವನ್ನು ಅವರ ಕಂಪನಿ 29 ಸಲ ಪಡೆದಿತ್ತು. ಕೊಲಂಬಸ್‌ನಲ್ಲಿರುವ ನನ್ನ ಅಳಿಯ ಇದನ್ನು ಹೇಳಿಕೊಂಡು ನಗುತ್ತಾನೆ. ಇರಲಿ, ವೀಸಾ ಗವರ್ನರ್ ಕೈಯಲ್ಲಿಲ್ಲ.

ಶಾಲೆಯ ವಿಷಯ ಹಾಗಲ್ಲ. ಓಹಿಯೊದ ಶಿಕ್ಷಕರಿಗೆಲ್ಲ ಸಾಧನೆ ನೋಡಿ ಸಂಬಳ ಕೊಡಬೇಕು ಎಂಬುದು ಅವರ ಮಾತು. ಕೇಳಲು ಚೆನ್ನಾಗಿದೆ, ಅಲ್ವಾ? ನಾನು ಎಚ್.ಡಿ. ಕೋಟೆ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದೆ. ಸಂಕ್ರಾಂತಿ ಸುಮಾರಿಗೆ ಅರ್ಧ ಕ್ಲಾಸು ಖಾಲಿ. ಅಪ್ಪ ಅಮ್ಮನ ಜೊತೆ ಮಕ್ಕಳೂ ಕೊಡಗಿಗೆ ಕಾಫಿ ಕುಯ್ಯಲು ಹೋಗಿರುತ್ತಿದ್ದವು. ಎಸ್ಸೆಸ್ಸೆಲ್ಸಿಯಲ್ಲಿ ನಲವತ್ತಕ್ಕೆ ಹದಿನೇಳು ಪಾಸಾದರೆ ಅದೇ ಹಬ್ಬ. ಆಮೇಲೆ ಮೈಸೂರಿಗೆ ವರ್ಗವಾಯಿತು. ಅದೇ ಪಾಠ, ಅದೇ ಸೀಮೆಸುಣ್ಣ. ಇಲ್ಲಿ ಮಕ್ಕಳು ಸಂಜೆ ಟ್ಯೂಷನ್‌ಗೆ ಹೋಗುತ್ತಿದ್ದರು, ಎರಡೋ ಮೂರೋ ಬಿಟ್ಟು ಎಲ್ಲರೂ ಪಾಸು. ಹೊಗಳಿಸಿಕೊಂಡಿದ್ದು ಇಲ್ಲಿ, ಬೆವರು ಸುರಿಸಿದ್ದು ಅಲ್ಲಿ. ನನ್ನ ಸಾಧನೆಯನ್ನು ಯಾವ ಊರಿನಲ್ಲಿ ಅಳೆಯುತ್ತಿದ್ದರೋ!

ಓಹಿಯೊದಲ್ಲೂ ಎಚ್.ಡಿ. ಕೋಟೆಯಂಥ ಕಡೆ ಇದೆ, ಮೈಸೂರಿನ ನಮ್ಮ ಕುವೆಂಪುನಗರದಂಥದ್ದೂ ಇದೆ. ಆಗ್ನೇಯದ ಅಪಲಾಚಿಯ ಬೆಟ್ಟಸೀಮೆ ಬಡವರದ್ದು. ಮಗಳ ಮನೆಯಿರುವ, ಕೊಲಂಬಸ್ ಪಕ್ಕದ ಡಬ್ಲಿನ್ ಉಳ್ಳವರದ್ದು. ಓಹಿಯೊದಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಬರುವುದು ಆಯಾ ಊರಿನ ಆಸ್ತಿ ತೆರಿಗೆಯಿಂದ. ಶಾಲೆಗಳು ಈ ತೆರಿಗೆಯನ್ನೇ ಇಷ್ಟೊಂದು ನೆಚ್ಚಿಕೊಳ್ಳುವುದು ತಪ್ಪು ಎಂದು ಓಹಿಯೊದ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಈಗ ರಾಮಸ್ವಾಮಿ ಆಸ್ತಿ ತೆರಿಗೆ ಇಳಿಸುತ್ತೇನೆ, ಆದಾಯ ತೆರಿಗೆಯನ್ನು ಸೊನ್ನೆ ಮಾಡುತ್ತೇನೆ ಎನ್ನುತ್ತಾರೆ. ಮತ್ತೆ ಜಾಸ್ತಿ ಸಂಬಳಕ್ಕೆ ದುಡ್ಡು ಎಲ್ಲಿಂದ?

ಎದುರಾಳಿ, ಡೆಮಾಕ್ರಟಿಕ್ ಪಕ್ಷದ ಡಾ. ಆಮಿ ಆಕ್ಟನ್, ಕೋವಿಡ್ ಶುರುವಾದಾಗ ಅಲ್ಲಿನ ಆರೋಗ್ಯ ಇಲಾಖೆ ನಡೆಸಿದವರು. ನಿಮ್ಮ ಸುದ್ದಿಯಲ್ಲಿ ಅವರ ಹೆಸರೂ ಇರಲಿಲ್ಲ. ಮುಂದಿನ ಸಲ ಇಬ್ಬರ ಲೆಕ್ಕವನ್ನೂ ಹಾಕಿ. 'ರಾಜ್ಯಪಾಲ' ಎಂಬುದನ್ನು ದಯವಿಟ್ಟು ಬಿಟ್ಟುಬಿಡಿ.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ,
ಕುವೆಂಪುನಗರ, ಮೈಸೂರು