ಗಾಂಧೀಜಿ ಮಾತಿನ ಕೆಳಗೆ ತಾರೀಖು ಇರಲಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ 2 ಬಂತೆಂದರೆ ‘ನೀನು ಬಯಸುವ ಬದಲಾವಣೆ ನೀನೇ ಆಗು’ ಎಂಬ ಸಾಲು ಗಾಂಧೀಜಿ ಚಿತ್ರದ ಕೆಳಗೆ ಅಚ್ಚಾಗುತ್ತದೆ. ಈ ರೂಪದಲ್ಲಿ ಅದು ಅವರ ಬರಹಗಳಲ್ಲಿ ಸಿಗುವುದಿಲ್ಲ. ಅದಕ್ಕೆ ಹತ್ತಿರದ ಮಾತೊಂದು ದಕ್ಷಿಣ ಆಫ್ರಿಕಾದಲ್ಲಿ ಅವರು ನಡೆಸುತ್ತಿದ್ದ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯ 1913ರ ಆಗಸ್ಟ್ 9ರ ಸಂಚಿಕೆಯಲ್ಲಿದೆ. ಅದು ಬಂದಿರುವುದು ಆರೋಗ್ಯದ ಲೇಖನಮಾಲೆಯಲ್ಲಿ, ಹಾವು ಕಡಿತದ ಕಂತಿನಲ್ಲಿ! ನಾವು ಬದಲಾದರೆ ಲೋಕದ ಒಲವುಗಳೂ ಬದಲಾದಾವು ಎನ್ನುವುದು ಅಲ್ಲಿನ ತಾತ್ಪರ್ಯ. ಸಂದರ್ಭ ಗೊತ್ತಾದರೆ ಮಾತಿನ ತೂಕವೇ ಬೇರೆ.

ಮೂಲ ನೋಡುವುದು ಈಗ ಕಷ್ಟದ ಕೆಲಸವಲ್ಲ. 1956ರಲ್ಲಿ ಶುರುವಾಗಿ 1994ಕ್ಕೆ ಮುಗಿದ ಇಂಗ್ಲಿಷಿನ 100 ಸಂಪುಟಗಳ ಸಮಗ್ರ ಬರಹಗಳು ಸಾಬರಮತಿ ಆಶ್ರಮದ ‘ಗಾಂಧಿ ಹೆರಿಟೇಜ್ ಪೋರ್ಟಲ್’ನಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಓದುವ ಕ್ರಮ ತಿಳಿದಿರಬೇಕು. ಕಾಗದದ ಬಲತುದಿಯಲ್ಲಿರುವುದು ಬರೆದ ದಿನ. ಚೌಕ ಕಂಸದೊಳಗೆ ತಾರೀಖು ಇದ್ದರೆ ಅದು ಗಾಂಧೀಜಿ ಹಾಕಿದ್ದಲ್ಲ, ಸಂಪಾದಕರು ಊಹಿಸಿದ್ದು. ಕೊನೆಯಲ್ಲಿ ಪತ್ರಿಕೆಯ ಹೆಸರಿನ ಜೊತೆಗಿರುವ ತಾರೀಖು ಪ್ರಕಟವಾದ ದಿನದ್ದು. ಸಣ್ಣ ಅಕ್ಷರದಲ್ಲಿರುವ ಭಾಗ ಬೇರೆಯವರ ಮಾತು ಇಲ್ಲವೇ ವರದಿ. ಅದನ್ನು ಗಾಂಧಿಯ ಸ್ವಂತ ವಾಕ್ಯವೆಂದು ಉದ್ಧರಿಸಬಾರದು. ಅಡಿಯ ಸಾಲನ್ನಂತೂ ಬಿಡಲೇಬಾರದು: ಮೂಲ ಗುಜರಾತಿಯೋ ಇಂಗ್ಲಿಷೋ ಅಲ್ಲಿ ತಿಳಿಯುತ್ತದೆ.

1927ರ ಬೇಸಿಗೆಯಲ್ಲಿ ಕಾಯಿಲೆ ಬಿದ್ದ ಗಾಂಧೀಜಿ ನಮ್ಮ ನಂದಿಬೆಟ್ಟದಲ್ಲಿದ್ದರು. ಅಲ್ಲಿಂದ ಬರೆದ ಕಾಗದಗಳು 33ನೇ ಸಂಪುಟದಲ್ಲಿವೆ. ಅವರ ಗುಜರಾತಿ ಕಾಗದಗಳಲ್ಲಿ ಎಷ್ಟೋ ಕಡೆ ‘ಮೌನವಾರ’ ಎಂದು ಬರೆದು ತಿಥಿ ಮಾತ್ರ ಹಾಕಿರುತ್ತದೆ. ಮೌನವಾರ ಎಂದರೆ ಅವರು ಮೌನವ್ರತ ಹಿಡಿಯುತ್ತಿದ್ದ ಸೋಮವಾರ. ಗುಜರಾತಿನ ತಿಂಗಳೂ ನಮ್ಮಂತೆ ಅಮಾವಾಸ್ಯೆಗೆ ಮುಗಿಯುತ್ತದೆ, ಆದರೆ ವರ್ಷ ಬದಲಾಗುವುದು ಯುಗಾದಿಗಲ್ಲ, ದೀಪಾವಳಿಗೆ. ಇದು ಮರೆತರೆ ಸಂವತ್ಸರ ಹಿಡಿದು ಲೆಕ್ಕ ಹಾಕುವಾಗ ಒಂದು ವರ್ಷವೇ ತಪ್ಪುತ್ತದೆ.

ಇನ್ನೊಂದು ತೊಡಕು ಆವೃತ್ತಿಯದು. 98 ಸಂಪುಟಗಳ ಎಲೆಕ್ಟ್ರಾನಿಕ್ ಆವೃತ್ತಿಯ ಸಂಪುಟ, ಪುಟ ಸಂಖ್ಯೆಗಳು 100 ಸಂಪುಟಗಳ ಅಚ್ಚಿನ ಆವೃತ್ತಿಗೆ ಹೊಂದುವುದಿಲ್ಲ. ಎಲೆಕ್ಟ್ರಾನಿಕ್ ಆವೃತ್ತಿಗೆ ಆಧಾರವಾದ ಪರಿಷ್ಕರಣೆಯಲ್ಲಿ ನೂರಾರು ಬರಹಗಳು ಬಿಟ್ಟುಹೋಗಿವೆ ಎಂದು ವಿದ್ವಾಂಸರು ಪ್ರತಿಭಟಿಸಿದ ಮೇಲೆ ಆ ಪರಿಷ್ಕೃತ ಆವೃತ್ತಿಯನ್ನು ಹಿಂದಕ್ಕೆ ಪಡೆಯಲಾಯಿತು. ಹಾಗಾಗಿ ಪುಟ ಸಂಖ್ಯೆಯನ್ನೇ ನಂಬಿ ಕೂರದೆ ಪತ್ರಿಕೆಯ ಹೆಸರು, ದಿನಾಂಕ ಹಿಡಿದು ಹುಡುಕಬೇಕು.

ದಿನಾಂಕ ಇಲ್ಲದಿದ್ದರೆ ಆಗುವ ಅನ್ಯಾಯ ಜಾತಿಯ ಪ್ರಶ್ನೆಯಲ್ಲಿ ಎದ್ದು ಕಾಣುತ್ತದೆ. ತಮ್ಮ ಇಂಗ್ಲಿಷ್ ವಾರಪತ್ರಿಕೆ ‘ಯಂಗ್ ಇಂಡಿಯಾ’ದ 1921ರ ಅಕ್ಟೋಬರ್ 6ರ ಸಂಚಿಕೆಯಲ್ಲಿ ಸಹಭೋಜನ, ಅಂತರ್ಜಾತಿ ವಿವಾಹಗಳ ಮೇಲಿನ ನಿರ್ಬಂಧವನ್ನು ಗಾಂಧೀಜಿ ಸಮರ್ಥಿಸಿದ್ದಾರೆ. ಮುಂದೆ ಅವರು ನಡೆಸಿದ ‘ಹರಿಜನ’ ವಾರಪತ್ರಿಕೆಯ 1935ರ ನವೆಂಬರ್ 16ರ ಸಂಚಿಕೆಯಲ್ಲಿ ಜಾತಿ ಹೋಗಲೇಬೇಕು ಎಂದಿದ್ದಾರೆ. ಒಂದು ಬಣ ಮೊದಲನೆಯದನ್ನು ಹಿಡಿಯುತ್ತದೆ, ಇನ್ನೊಂದು ಎರಡನೆಯದನ್ನು. ತಮ್ಮ ಎರಡು ಬರಹಗಳಲ್ಲಿ ವಿರೋಧ ಕಂಡರೆ ನಂತರದ್ದನ್ನು ಆರಿಸಿಕೊಳ್ಳಿ ಎಂದು ಅವರೇ 1933ರ ಏಪ್ರಿಲ್ 29ರ ‘ಹರಿಜನ’ದಲ್ಲಿ ಬರೆದಿದ್ದಾರೆ. ಅವರ ಕೊನೆಯ ನಿಲುವು ತಿಳಿಯಲು ಅಷ್ಟು ಸಾಕು. ಆದರೆ ಅವರು ನಡೆದು ಬಂದ ದಾರಿ ಕಾಣಬೇಕಾದರೆ 1921ರ ಬರಹವನ್ನು ಮುಚ್ಚಿಡುವಂತಿಲ್ಲ. ಗಾಂಧಿ ಇಂಗ್ಲಿಷಿನಲ್ಲಿ ಒಂದು, ಗುಜರಾತಿಯಲ್ಲಿ ಇನ್ನೊಂದು ಬರೆದರು ಎಂದು ಅಂಬೇಡ್ಕರ್ 1955ರ ಬಿಬಿಸಿ ಸಂದರ್ಶನದಲ್ಲಿ ಮಾಡಿದ ಆಕ್ಷೇಪವನ್ನೂ ‘ಯಂಗ್ ಇಂಡಿಯಾ’, ಅವರದೇ ಗುಜರಾತಿ ವಾರಪತ್ರಿಕೆ ‘ನವಜೀವನ’ ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿಯೇ ತೂಗಬೇಕು. ಆ ಮೂಲ ಸಂಚಿಕೆಗಳೂ ಅದೇ ಪೋರ್ಟಲ್‌ನಲ್ಲಿವೆ.

ತಮ್ಮ ಪತ್ರಿಕೆಯಲ್ಲಿ ಇನ್ನು ಮುಂದೆ ಗಾಂಧೀಜಿಯ ಮಾತು ಅಚ್ಚಾದಾಗ ಕೆಳಗೆ ಪತ್ರಿಕೆಯ ಹೆಸರು, ದಿನಾಂಕ, ಮೂಲ ಭಾಷೆ ಇಷ್ಟನ್ನು ಹಾಕಬೇಕೆಂದು ಕೋರುತ್ತೇನೆ. ಕಾಗದವಾದರೆ ಯಾರಿಗೆ ಬರೆದದ್ದು ಎಂಬುದೂ ಇರಲಿ. ಈ ವಿವರ ಸಿಗದ ಮಾತನ್ನು ದಯವಿಟ್ಟು ಪ್ರಕಟಿಸಬೇಡಿ.

– ಒಬ್ಬ ಓದುಗ, ಧಾರವಾಡ